ರಸ್ತೆ ಕಾಮಗಾರಿಯ ಬಿಲ್ಲು ಮತ್ತು ಅಳತೆಯ ಅಮಾನತ್

ಮಗನನ್ನು ಮದ್ರಸದಿಂದ ಕರೆದೊಯ್ಯಲು ಬಂದ ತಂದೆಯೊಬ್ಬರು ಕಳೆದ ಶಅಬಾನ್ ತಿಂಗಳಲ್ಲಿ ನನ್ನ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರು. ಅವರು ಸಣ್ಣ ಗುತ್ತಿಗೆದಾರರು. ಹಳ್ಳಿ ರಸ್ತೆಗಳಿಗೆ ಜಲ್ಲಿ ಹಾಸಿ ಡಾಮರು ಹಾಕಿಸುವವರು. “ಉಸ್ತಾದರೇ, ಬಿಲ್ಲು ಪಾಸಾಗಿಲ್ಲ. ಆಳುಗಳಿಗೆ ಮೂರು ವಾರದ ಬಟವಾಡೆ ಬಾಕಿಯಿದೆ. ನನಗೇ ಹಣ ಬಾರದಿರುವಾಗ ಇದರ ಪಾಪ ನನ್ನ ಮೇಲಿದೆಯೇ?” ಎಂಬುದು ಮೊದಲನೆಯದು. ಎರಡನೆಯದನ್ನು ಸ್ವಲ್ಪ ತಡೆದು, ಸ್ವರ ತಗ್ಗಿಸಿ ಹೇಳಿದರು. “ಪುಸ್ತಕದಲ್ಲಿ ಬರೆದಷ್ಟು ದಪ್ಪ ಎಲ್ಲ ಕಡೆಯೂ ಬಿದ್ದಿಲ್ಲ.”

ವ್ಯವಹಾರದ ಸ್ವರೂಪ ತಿಳಿಯದೆ ಅದರ ವಿಧಿ ಹೇಳಬಾರದೆಂದು ನಮ್ಮ ಗುರುಗಳು ಕಲಿಸಿದ್ದರು. ಆದ್ದರಿಂದ ಅವರನ್ನೇ ಕೂರಿಸಿಕೊಂಡು, ಅವರು ತಂದ ಕಾಗದಗಳನ್ನು ನೋಡಿ, ಹಣ ಬರುವ ದಾರಿಯನ್ನು ಕೇಳಿ ತಿಳಿದುಕೊಂಡೆ. ಈ ಉದ್ಯೋಗದ ಮನೆಗಳು ನಮ್ಮಲ್ಲಿ ಅನೇಕವಿರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರಕಾರಿ ರಸ್ತೆಯ ಕೆಲಸದಲ್ಲಿ ಸಾಮಾನು ತಂದದ್ದಕ್ಕೆ ಬೇರೆ, ಕೂಲಿಗೆ ಬೇರೆ ಎಂದು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮಣ್ಣು ಕೆಲಸಕ್ಕೆ ಘನ ಮೀಟರಿಗೆ ಇಷ್ಟು, ಒತ್ತಿ ಕೂರಿಸಿದ ಜಲ್ಲಿಗೆ ಘನ ಮೀಟರಿಗೆ ಇಷ್ಟು, ಡಾಮರು ಸಿಂಪಡಿಸಿದ್ದಕ್ಕೆ ಚದರ ಮೀಟರಿಗೆ ಇಷ್ಟು ಎಂದು ಕೆಲಸದ ಪ್ರತಿಯೊಂದು ಬಾಬ್ತಿಗೂ ಒಂದು ದರವಿರುತ್ತದೆ. ಜಲ್ಲಿಯ ಬೆಲೆ, ಸಾಗಾಟ, ರೋಲರಿನ ಬಾಡಿಗೆ, ಕೂಲಿ, ಗುತ್ತಿಗೆದಾರನ ಲಾಭ ಎಲ್ಲವೂ ಆ ಒಂದೇ ದರದೊಳಗೆ ಸೇರಿದೆ. ರಸ್ತೆ ಬದಿಯಲ್ಲಿ ರಾಶಿ ಹಾಕಿದ ಜಲ್ಲಿಗೆ ಬಿಲ್ಲಾಗುವುದಿಲ್ಲ. ಕೆಲವು ಕರಾರುಗಳಲ್ಲಿ ಅಂತಹ ಸಾಮಾನಿನ ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ಕೊಟ್ಟು ಮುಂದೆ ಮುರಿದುಕೊಳ್ಳುವುದುಂಟು. ಸಣ್ಣವರ ತನಕ ಅದು ತಲುಪುವುದು ಅಪರೂಪವಂತೆ. ರಾಶಿಯಲ್ಲಿ ಸಡಿಲವಾಗಿದ್ದ ಜಲ್ಲಿ ರೋಲರಿನಡಿಯಲ್ಲಿ ಕುಗ್ಗುತ್ತದೆ. ಕುಗ್ಗಿದ ನಂತರದ ದಪ್ಪಕ್ಕೆ ಮಾತ್ರ ಹಣ.

ಈ ಅಳತೆಯನ್ನು ಬರೆಯುವುದು ಅಳತೆ ಪುಸ್ತಕದಲ್ಲಿ. ಎಂ.ಬಿ. ಎಂದು ಎಲ್ಲರೂ ಕರೆಯುವುದು ಇದನ್ನೇ. ಕಿರಿಯ ಎಂಜಿನಿಯರ್ ಸ್ಥಳದಲ್ಲಿ ಅಳೆದು ಉದ್ದ, ಅಗಲ, ದಪ್ಪ ಬರೆಯುತ್ತಾರೆ. ಮೇಲಿನವರು ಅದರಲ್ಲಿ ಒಂದು ಪಾಲನ್ನು ಮರಳಿ ಪರಿಶೀಲಿಸುತ್ತಾರೆ. ಗುತ್ತಿಗೆದಾರ ಒಪ್ಪಿ ಸಹಿ ಹಾಕುತ್ತಾನೆ. ಪುಟಗಳಿಗೆ ಸಂಖ್ಯೆಯಿರುತ್ತದೆ, ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ಗೀಟು ಹಾಕಿ, ಸರಿಯಾದುದನ್ನು ಬರೆದು ಸಹಿ ಮಾಡಬೇಕು. ಇದನ್ನು ಕೇಳಿದಾಗ ನನಗೆ ಅಲ್ ಬಕರ ಅಧ್ಯಾಯದ 282ನೆಯ ಸೂಕ್ತ ನೆನಪಾಯಿತು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವದು; ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದೇ ಅದರ ವಿಷಯ. ಅಳತೆ ಪುಸ್ತಕದಲ್ಲಿ ಸಹಿ ಹಾಕುವ ಗುತ್ತಿಗೆದಾರ ಸಾಕ್ಷಿ ಹೇಳುತ್ತಿದ್ದಾನೆ. ಈ ಮಾತು ಅನೇಕರಿಗೆ ಹೊಳೆಯುವುದಿಲ್ಲ.

ಬಿಲ್ಲುಗಳು ಕಂತು ಕಂತಾಗಿ ಬರುತ್ತವೆ. ಪ್ರತಿ ಬಿಲ್ಲಿನಲ್ಲಿಯೂ ಆರಂಭದಿಂದ ಅಂದಿನವರೆಗಿನ ಒಟ್ಟು ಕೆಲಸವನ್ನು ಬರೆದು, ಹಿಂದೆ ಕೊಟ್ಟದ್ದನ್ನು ಕಳೆದು, ಉಳಿದುದನ್ನು ಕೊಡುತ್ತಾರೆ. ಅದರಿಂದ ಆದಾಯ ತೆರಿಗೆ (ಒಬ್ಬನೇ ವ್ಯಕ್ತಿಯ ಗುತ್ತಿಗೆಯಾದರೆ ಶೇಕಡಾ 1), ಕಟ್ಟಡ ಕಾರ್ಮಿಕರ ಕಲ್ಯಾಣದ ಸೆಸ್ ಶೇಕಡಾ 1, ಜಲ್ಲಿ ಮಣ್ಣಿನ ರಾಜಧನ ಕಟ್ಟಿದ ದಾಖಲೆಯಿಲ್ಲದಿದ್ದರೆ ಅದು, ಜೊತೆಗೆ ಭದ್ರತಾ ಠೇವಣಿ ಮುರಿಯಲ್ಪಡುತ್ತವೆ. ಠೇವಣಿ ಮರಳುವುದು ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಂತೂ ಕಟ್ಟಿದವನೇ 5 ವರ್ಷ ನಿರ್ವಹಣೆಯನ್ನೂ ಮಾಡಬೇಕು.

ಹಣ ತಡವಾಗುವುದು ನಿಜ. ಅನುದಾನ ಬಿಡುಗಡೆಯಾಗದೆ ತಿಂಗಳುಗಟ್ಟಲೆ ಬಿಲ್ಲು ಬಿದ್ದಿರುತ್ತದೆ. ಆಗ ಬಡ್ಡಿ ಸಾಲದ ಬಾಗಿಲು ತಟ್ಟಿದವರನ್ನು ನಾನು ಬಲ್ಲೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವು ಶೇಕಡಾ 40 ಕಮಿಷನ್ ಕೇಳಲಾಗುತ್ತಿದೆಯೆಂದು ಪ್ರಧಾನಮಂತ್ರಿಗೆ ಪತ್ರ ಬರೆದು ಆರೋಪಿಸಿತ್ತು. ದುಡಿದವನ ಹಣವನ್ನು ತಡೆಹಿಡಿಯುವವನು ಮೇಜಿನ ಆಚೆ ಕುಳಿತಿದ್ದರೂ ಅಕ್ರಮಿಯೇ.

ಆದರೆ ಆಳಿನ ಕರಾರು ಇಲಾಖೆಯೊಂದಿಗಿಲ್ಲ. ಬಿಲ್ಲು ಬಂದ ಮೇಲೆ ಕೂಲಿ ಎಂದು ಅವನು ಒಪ್ಪಿ ಬಂದವನಲ್ಲ; ವಾರಕ್ಕೊಮ್ಮೆ ಬಟವಾಡೆ ಎಂದು ಹೇಳಿ ಕರೆತಂದದ್ದು. ಕೆಲಸ ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗುವನೆಂದು ಸಹೀಹ್ ಬುಖಾರಿಯ ಹದೀಸಿನಲ್ಲಿದೆ. ಕೈಯಲ್ಲಿ ನಿಜವಾಗಿಯೂ ಏನೂ ಇಲ್ಲದವನಿಗೆ ಕಾಲಾವಕಾಶವುಂಟು. ಅದೂ ಕುರ್‌ಆನಿನ ಮಾತೇ. ಹಾಗಾದರೆ ಇಲ್ಲದವನು ಯಾರು? ಅವರು ಎರಡು ತಿಂಗಳ ಹಿಂದೆ ಹಳೆಯ ಟಿಪ್ಪರೊಂದನ್ನು ಕೊಂಡಿದ್ದರು. “ಅದನ್ನು ಕೊಳ್ಳಲು ಇದ್ದ ಹಣ ಬಟವಾಡೆಗೆ ಹೇಗೆ ಇಲ್ಲವಾಯಿತು?” ಎಂದು ಕೇಳಿದೆ. ಅವರು ನಕ್ಕರು, ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ಇನ್ನು ದಪ್ಪದ ಮಾತು. ಸುಮಾರು 200 ಮೀಟರ್ ಉದ್ದಕ್ಕೆ 75 ಮಿ.ಮೀ. ಇರಬೇಕಾದ ಜಲ್ಲಿಯ ಪದರ 60ರಷ್ಟೇ ಇತ್ತು. ರಸ್ತೆಯ ಅಗಲ 3.75 ಮೀಟರ್. ಬರೆದದ್ದು 56.25 ಘನ ಮೀಟರ್, ಬಿದ್ದದ್ದು 45. ಹನ್ನೊಂದೂ ಕಾಲು ಘನ ಮೀಟರಿನ ಹಣ ಕೆಲಸವಿಲ್ಲದೆ ಕೈಸೇರಿತ್ತು. ಒಟ್ಟು ಮೊತ್ತದ ಮುಂದೆ ಇದು ಸಣ್ಣದು ಎಂದು ಅವರ ಪಾಲುದಾರ ಸಮಾಧಾನ ಹೇಳಿದ್ದನಂತೆ. ಅಲ್ ಮುತಫ್ಫಿಫೀನ್ ಅಧ್ಯಾಯವು ನಾಶವನ್ನು ಸಾರಿರುವುದು ಅಳತೆಯಲ್ಲಿ ಇಂತಹ ಸಣ್ಣ ಕಡಿತ ಮಾಡುವವರಿಗೇ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳಿಗೆ ತೇವ ತಗಲಿದ ಘಟನೆ ಸಹೀಹ್ ಮುಸ್ಲಿಮಿನಲ್ಲಿದೆ. ಮೇಲೆ ಒಣಗಿತ್ತು, ಒಳಗೆ ನೆನೆದಿತ್ತು. ಡಾಮರು ಬಿದ್ದ ಮೇಲೆ ರಸ್ತೆಯೂ ಹಾಗೆಯೇ. ಅಗೆದು ನೋಡುವವರೆಗೆ ಒಳಗಿನದು ಕಾಣುವುದಿಲ್ಲ. ಈ ಹಣ ಹಲಾಲ್ ಅಲ್ಲವೆಂದು ನಾನು ಸ್ಪಷ್ಟವಾಗಿ ಹೇಳಿದೆ. ಎಂಜಿನಿಯರ್ ಸಹಿ ಮಾಡಿದ್ದರೆಂಬುದು ಅದನ್ನು ಹಲಾಲ್ ಮಾಡುವುದಿಲ್ಲ.

ದಾನ ಮಾಡಿಬಿಡಲೇ ಎಂದರು. ಒಡೆಯ ಗೊತ್ತಿರುವ ಹಣವನ್ನು ದಾನ ಮಾಡಿ ಹೊಣೆ ಕಳಚಿಕೊಳ್ಳಲಾಗದು; ಇಲ್ಲಿ ಒಡೆಯ ಸಾರ್ವಜನಿಕ ಖಜಾನೆ. ಅದೃಷ್ಟಕ್ಕೆ ಅವರ ಕಾಗದದಲ್ಲಿಯೇ ದಾರಿಯಿತ್ತು. ಕಂತಿನ ಬಿಲ್ಲುಗಳ ಹಣವೆಲ್ಲ ಅಂತಿಮ ಬಿಲ್ಲಿನ ಲೆಕ್ಕಕ್ಕೆ ಕೊಟ್ಟ ಮುಂಗಡವೆಂದು ಕರಾರು ಹೇಳುತ್ತದೆ. ಅಂದರೆ ಅಂತಿಮ ಅಳತೆಯವರೆಗೆ ತಿದ್ದಲು ಅವಕಾಶವುಂಟು. ಮುಂದಿನ ಬಿಲ್ಲಿನ ಒಟ್ಟು ಅಳತೆಯಲ್ಲಿ ಕಡಿಮೆ ಬರೆಸಿದರೆ ಹೆಚ್ಚುವರಿ ತಾನಾಗಿಯೇ ಮುರಿದುಹೋಗುತ್ತದೆ. ಇಲ್ಲವೇ ಡಾಮರು ಹಾಕುವ ಮೊದಲೇ ಜಲ್ಲಿ ತುಂಬಿಸಬೇಕು.

ರಂಝಾನ್‌ಗೆ ಎರಡು ದಿನವಿರುವಾಗ ಅವರು ಮತ್ತೆ ಬಂದರು. ಎರಡು ವಾರದ ಬಟವಾಡೆ ಸಂದಿದೆ, ಮೂರನೆಯದು ಶುಕ್ರವಾರ ಎಂದರು. ಆ 200 ಮೀಟರನ್ನು ಕೆದಕಿಸಿ ಮತ್ತೆ ಜಲ್ಲಿ ಹಾಕಿಸುತ್ತಿದ್ದಾರೆ. “ಬರೆದಾಗಿದೆಯಲ್ಲ, ಇನ್ನೇಕೆ?” ಎಂದು ಎಂಜಿನಿಯರರು ಕೇಳಿದರಂತೆ. ಟಿಪ್ಪರನ್ನು ಮಾರಬೇಕೋ ಬೇಡವೋ ಎಂದು ಅವರಿನ್ನೂ ನಿರ್ಧರಿಸಿಲ್ಲ.