ಪ್ಯಾಲೇಸ್ ಗಲಾಟೆ: ಶಿಕ್ಷೆಯ ಅಳತೆಗೋಲು ಯಾರ ಕೈಯಲ್ಲಿ?

ಬ್ಯಾಸ್ಕೆಟ್‌ಬಾಲ್ ಹೆಚ್ಚು ನೋಡದವರು ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಈ ಆಟದಲ್ಲಿ ಆಟಗಾರರಿಗೂ ಜನರಿಗೂ ನಡುವೆ ಬೇಲಿ ಇರುವುದಿಲ್ಲ. ಕ್ರಿಕೆಟ್‌ನಲ್ಲಾದರೆ ಬೌಂಡರಿ ಹಗ್ಗ, ಅದರಾಚೆ ಜಾಹೀರಾತು ಫಲಕ, ಅದರಾಚೆ ಜಾಲರಿ, ಆಮೇಲೆ ಪ್ರೇಕ್ಷಕರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ದುಬಾರಿ ಟಿಕೆಟ್ ಕೊಂಡವರು ಅಂಕಣದ ಗೆರೆಯ ಪಕ್ಕದಲ್ಲೇ ಕಾಲು ಚಾಚಿ ಕೂರುತ್ತಾರೆ. ಆ ಹತ್ತಿರವೇ ಅಲ್ಲಿ ಮಾರಾಟವಾಗುವ ಸರಕು. 2004ರ ನವೆಂಬರ್ 19ರ ರಾತ್ರಿ ಮಿಷಿಗನ್ ರಾಜ್ಯದ ಆಬರ್ನ್ ಹಿಲ್ಸ್‌ನಲ್ಲಿದ್ದ ‘ಪ್ಯಾಲೇಸ್’ ಎಂಬ ಕ್ರೀಡಾಂಗಣದಲ್ಲಿ ಆ ಹತ್ತಿರವೇ ಅನಾಹುತಕ್ಕೆ ದಾರಿಯಾಯಿತು.

ಆಡುತ್ತಿದ್ದವರು ಆತಿಥೇಯ ಡೆಟ್ರಾಯಿಟ್ ಪಿಸ್ಟನ್ಸ್ ಮತ್ತು ಇಂಡಿಯಾನಾ ಪೇಸರ್ಸ್. ಹಿಂದಿನ ಋತುವಿನ ಸೆಮಿಫೈನಲ್ ಹಂತದಲ್ಲಿ ಪೇಸರ್ಸ್ ತಂಡವನ್ನು ಸೋಲಿಸಿಯೇ ಪಿಸ್ಟನ್ಸ್ ಮುಂದೆ ಚಾಂಪಿಯನ್ ಆಗಿತ್ತು. ಹಾಗಾಗಿ ಎರಡೂ ಕಡೆ ಹಳೆಯ ಲೆಕ್ಕ ಬಾಕಿಯಿತ್ತು. ಅಂದು ಪೇಸರ್ಸ್ 97-82ರಿಂದ ಮುಂದಿತ್ತು. ಆಟ ಮುಗಿಯಲು ಉಳಿದದ್ದು 45.9 ಸೆಕೆಂಡು, ಅಂದರೆ ಫಲಿತಾಂಶ ಆಗಲೇ ತೀರ್ಮಾನವಾಗಿತ್ತು. ಬುಟ್ಟಿಯತ್ತ ನುಗ್ಗಿದ ಪಿಸ್ಟನ್ಸ್‌ನ ಬೆನ್ ವಾಲೇಸ್‌ಗೆ ಪೇಸರ್ಸ್‌ನ ರಾನ್ ಆರ್ಟೆಸ್ಟ್ ಹಿಂದಿನಿಂದ ಬಲವಾಗಿ ಹೊಡೆದು ಫೌಲ್ ಮಾಡಿದರು. ವಾಲೇಸ್ ತಿರುಗಿ ಎರಡೂ ಕೈಗಳಿಂದ ಆರ್ಟೆಸ್ಟ್‌ರನ್ನು ತಳ್ಳಿದರು. ಆಟಗಾರರು ಗುಂಪುಗೂಡಿದರು, ಒಬ್ಬರನ್ನೊಬ್ಬರು ಎಳೆದಾಡಿದರು. ಇಷ್ಟು ಗಲಾಟೆ ಎನ್‌ಬಿಎಗೆ ಹೊಸದಲ್ಲ.

ಆರ್ಟೆಸ್ಟ್ ಹಿಂದೆ ಸರಿದು, ಸ್ಕೋರ್ ಬರೆಯುವವರ ಮೇಜಿನ ಮೇಲೆ ಅಂಗಾತ ಮಲಗಿ, ಅಲ್ಲಿದ್ದ ಪ್ರಸಾರದ ಹೆಡ್‌ಸೆಟ್ಟನ್ನು ತಲೆಗೆ ಹಾಕಿಕೊಂಡರು. ಅದನ್ನು ಉದ್ಧಟತನ ಎಂದವರುಂಟು, ಸಿಟ್ಟು ತಡೆಯುವ ಪ್ರಯತ್ನ ಎಂದವರೂ ಉಂಟು. ಅಷ್ಟರಲ್ಲಿ ಪ್ರೇಕ್ಷಕರ ಸಾಲಿನಿಂದ ಪಾನೀಯ ತುಂಬಿದ ಪ್ಲಾಸ್ಟಿಕ್ ಲೋಟವೊಂದು ಹಾರಿಬಂದು ಅವರ ಮೈಮೇಲೆ ಬಿತ್ತು. ಆರ್ಟೆಸ್ಟ್ ಎದ್ದವರೇ ಆಸನಗಳ ಸಾಲು ಹತ್ತಿ ಹೋಗಿ ಒಬ್ಬನನ್ನು ಹಿಡಿದರು. ಆತ ಲೋಟ ಎಸೆದವನೇ ಅಲ್ಲ. ಸಹ ಆಟಗಾರ ಸ್ಟೀಫನ್ ಜಾಕ್ಸನ್ ಬೆನ್ನಿಗೇ ನುಗ್ಗಿ ಜನರತ್ತ ಮುಷ್ಟಿ ಬೀಸಿದರು. ಕೆಳಗೆ ಅಂಕಣಕ್ಕೇ ಇಳಿದಿದ್ದ ಪ್ರೇಕ್ಷಕನೊಬ್ಬನಿಗೆ ಜರ್ಮೇನ್ ಓನೀಲ್ ಓಡಿಬಂದು ಗುದ್ದಿದರು. ಆಟವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಪೇಸರ್ಸ್ ಆಟಗಾರರು ಸುರಂಗದ ದಾರಿಯಲ್ಲಿ ಒಳಹೋಗುವಾಗ ಮೇಲಿನಿಂದ ಪಾನೀಯ, ಪಾಪ್‌ಕಾರ್ನ್ ಸುರಿಯಿತು. ಒಂದು ಕುರ್ಚಿಯೂ ಹಾರಿಬಂತು.

ಎರಡು ದಿನಗಳಲ್ಲಿ ಶಿಕ್ಷೆ ಪ್ರಕಟವಾಯಿತು. ಆರ್ಟೆಸ್ಟ್‌ಗೆ ಋತುವಿನ ಉಳಿದೆಲ್ಲ ಪಂದ್ಯಗಳಿಂದ ಅಮಾನತು. ಜಾಕ್ಸನ್‌ಗೆ 30 ಪಂದ್ಯ, ಓನೀಲ್‌ಗೆ 25, ವಾಲೇಸ್‌ಗೆ 6, ಪೇಸರ್ಸ್‌ನ ಆಂಥನಿ ಜಾನ್ಸನ್‌ಗೆ 5. ಜಗಳದ ಹೊತ್ತಿನಲ್ಲಿ ಬೆಂಚು ಬಿಟ್ಟು ಬಂದ ನಾಲ್ವರಿಗೆ ತಲಾ ಒಂದು ಪಂದ್ಯ. ಒಟ್ಟು ಒಂಬತ್ತು ಮಂದಿ. ಅಮಾನತಾದ ಆಟಗಾರನಿಗೆ ಆ ಪಂದ್ಯಗಳ ಸಂಬಳವೂ ಇಲ್ಲ. ಆರ್ಟೆಸ್ಟ್ ಒಬ್ಬರೇ ಸುಮಾರು 50 ಲಕ್ಷ ಡಾಲರ್ ಕಳೆದುಕೊಂಡರು.

ಇದು ನ್ಯಾಯವೇ? ಉತ್ತರಿಸುವ ಮೊದಲು, ಶಿಕ್ಷೆ ಕೊಡುವವರು ಯಾರು ಎಂಬುದನ್ನು ನೋಡೋಣ. ಎನ್‌ಬಿಎ ಎಂದರೆ ತಂಡಗಳ ಮಾಲೀಕರ ಕೂಟ. ಅವರು ನೇಮಿಸಿದ ಮುಖ್ಯಸ್ಥನೇ ಕಮಿಷನರ್. ಆಗ ಆ ಸ್ಥಾನದಲ್ಲಿದ್ದವರು ಡೇವಿಡ್ ಸ್ಟರ್ನ್. ಆಟಗಾರರಿಗೂ ಒಂದು ಕಾರ್ಮಿಕ ಸಂಘವಿದೆ. ಮಾಲೀಕರೂ ಸಂಘವೂ ಕೂತು ಮಾಡಿಕೊಂಡ ಒಪ್ಪಂದದಲ್ಲಿ ಸಂಬಳ, ಕೆಲಸದ ಷರತ್ತು, ಶಿಸ್ತು ಎಲ್ಲವೂ ಬರುತ್ತದೆ. ಅಂದಿನ ಒಪ್ಪಂದದ ಪ್ರಕಾರ ಅಂಕಣದ ಮೇಲಿನ ನಡತೆಗೆ ಕಮಿಷನರ್ ಕೊಟ್ಟ ಶಿಕ್ಷೆಯ ಮೇಲ್ಮನವಿಯನ್ನು ಕೇಳುವವರೂ ಕಮಿಷನರೇ. ಶಿಕ್ಷೆ ಬರೆದ ಕೈಯೇ ಮೇಲ್ಮನವಿಯ ಅರ್ಜಿಯನ್ನೂ ತೆರೆದು ಓದುತ್ತದೆ. ತೀರ್ಮಾನ ಹೇಗಾಯಿತೆಂದು ಪತ್ರಕರ್ತರು ಕೇಳಿದಾಗ, ಅದು ಒಂದಕ್ಕೆ ಸೊನ್ನೆ ಮತಗಳ ಸರ್ವಾನುಮತ ಎಂದು ಸ್ಟರ್ನ್ ಉತ್ತರಿಸಿದ್ದರು. ಅಧಿಕಾರ ಹೇಗೆ ಹಂಚಿಕೆಯಾಗಿತ್ತು ಎಂಬುದಕ್ಕೆ ಅದಕ್ಕಿಂತ ಚಿಕ್ಕ, ನಿಖರವಾದ ವಿವರಣೆ ಸಿಗಲಾರದು.

ಸಂಘ ಸುಮ್ಮನಿರಲಿಲ್ಲ. ಪ್ರೇಕ್ಷಕರ ಆಸನಗಳ ನಡುವೆ ನಡೆದದ್ದನ್ನು ‘ಅಂಕಣದ ಮೇಲಿನ ನಡತೆ’ ಎಂದು ಹೇಗೆ ಕರೆಯುತ್ತೀರಿ ಎಂದು ಅದು ಕೇಳಿತು. ಅಂಕಣದ ಹೊರಗಿನ ವಿಷಯವಾದರೆ ಕಮಿಷನರ್ ಮಾತೇ ಕೊನೆಯದಲ್ಲ, ತಟಸ್ಥ ಮಧ್ಯಸ್ಥಗಾರನ ಮುಂದೆ ವಿಚಾರಣೆ ಆಗಬೇಕು. ಮಧ್ಯಸ್ಥಗಾರ ರೋಜರ್ ಕಪ್ಲಾನ್ ವಾದವನ್ನು ಒಪ್ಪಿ ಪ್ರಕರಣ ಕೈಗೆತ್ತಿಕೊಂಡರು. ಡಿಸೆಂಬರ್‌ನಲ್ಲಿ ಓನೀಲ್‌ರ ಶಿಕ್ಷೆಯನ್ನು 25ರಿಂದ 15 ಪಂದ್ಯಕ್ಕೆ ಇಳಿಸಿದರು, ಆರ್ಟೆಸ್ಟ್ ಮತ್ತು ಜಾಕ್ಸನ್‌ರ ಶಿಕ್ಷೆಯನ್ನು ಎತ್ತಿಹಿಡಿದರು. ಕಪ್ಲಾನ್‌ಗೆ ಆ ಅಧಿಕಾರವೇ ಇಲ್ಲವೆಂದು ಲೀಗ್ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು, ಸೋತಿತು. ಹೊಸಬರು ಇಲ್ಲಿ ಗಮನಿಸಬೇಕಾದದ್ದು ಹತ್ತು ಪಂದ್ಯದ ರಿಯಾಯಿತಿಗಿಂತ ದೊಡ್ಡದು. ಬೇರೊಬ್ಬರು ಕೂತು ನೋಡಿದಾಗ ಆರ್ಟೆಸ್ಟ್, ಜಾಕ್ಸನ್‌ರ ಶಿಕ್ಷೆ ಗಟ್ಟಿಯಾಗಿ ನಿಂತಿತು, ಓನೀಲ್‌ರದು ಕರಗಿತು. ಸ್ಟರ್ನ್ ಪೂರ್ತಿ ತಪ್ಪಿರಲಿಲ್ಲ ಎಂಬುದಕ್ಕೂ ಅದೇ ಸಾಕ್ಷಿ, ಅವರೊಬ್ಬರನ್ನೇ ನಂಬಿ ಕೂರಬಾರದಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ಇನ್ನು ಅಳತೆಯ ಮಾತು. ಆಟಗಾರ ಜನರ ನಡುವೆ ನುಗ್ಗುವುದು ಮೊದಲೂ ನಡೆದಿತ್ತು. 1995ರಲ್ಲಿ ಹ್ಯೂಸ್ಟನ್ ರಾಕೆಟ್ಸ್‌ನ ವರ್ನನ್ ಮ್ಯಾಕ್ಸ್‌ವೆಲ್ ಪೋರ್ಟ್‌ಲ್ಯಾಂಡ್‌ನಲ್ಲಿ ಆಸನಗಳ ಸಾಲಿಗೆ ಹೋಗಿ ಪ್ರೇಕ್ಷಕನಿಗೆ ಗುದ್ದಿದ್ದರು. ಶಿಕ್ಷೆ 10 ಪಂದ್ಯ, 20,000 ಡಾಲರ್ ದಂಡ. 1977ರಲ್ಲಿ ಕರ್ಮಿಟ್ ವಾಷಿಂಗ್ಟನ್ ಗುದ್ದಿದ ಒಂದೇ ಏಟಿಗೆ ಎದುರಾಳಿ ರೂಡಿ ಟಾಮ್ಜನೋವಿಚ್‌ರ ಮುಖದ ಮೂಳೆಗಳು ಮುರಿದು ಜೀವಕ್ಕೇ ಅಪಾಯವಾಗಿತ್ತು. ವಾಷಿಂಗ್ಟನ್ ಕಳೆದುಕೊಂಡದ್ದು 26 ಪಂದ್ಯ. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ನೆನಪು ಬೇಕೆಂದರೆ, 1997ರ ಟೊರಾಂಟೊ: ಭಾರತ-ಪಾಕಿಸ್ತಾನ ಪಂದ್ಯದಲ್ಲಿ ಮೂದಲಿಸುತ್ತಿದ್ದ ಪ್ರೇಕ್ಷಕನತ್ತ ಪಾಕಿಸ್ತಾನದ ಆಟಗಾರ ಇಂಜಮಾಮ್ ಬ್ಯಾಟ್ ಹಿಡಿದೇ ನುಗ್ಗಿದ್ದರು. ಅವರಿಗೆ ಎರಡು ಪಂದ್ಯಗಳ ನಿಷೇಧ. ಇವುಗಳ ಪಕ್ಕದಲ್ಲಿಟ್ಟರೆ ಆರ್ಟೆಸ್ಟ್ ಶಿಕ್ಷೆ ಪರ್ವತದಷ್ಟು ಕಾಣುತ್ತದೆ. ಹಿಂದಿನ ಶಿಕ್ಷೆಗಳು ತೀರಾ ಸಡಿಲವಾಗಿದ್ದವು ಎಂದು ಲೀಗ್ ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಟಿಕೆಟ್ ಕೊಂಡು ಕೂತ, ಏನೂ ಮಾಡದ ಮನುಷ್ಯನ ಮೇಲೆ ಅಷ್ಟು ಎತ್ತರದ, ಅಷ್ಟು ಬಲದ ಆಟಗಾರ ಎರಗುವುದನ್ನು ಯಾವ ಲೀಗೂ ಸಹಿಸಬಾರದು. ಆರ್ಟೆಸ್ಟ್‌ರ ಹೆಸರಿಗೆ ಹಿಂದಿನ ಶಿಸ್ತುಕ್ರಮಗಳೂ ಇದ್ದವು. ಅವರಿಗೆ ಭಾರಿ ಶಿಕ್ಷೆಯೇ ಆಗಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನನ್ನ ತಕರಾರು ‘ಋತುವಿನ ಉಳಿದ ಪಂದ್ಯಗಳು’ ಎಂಬ ಅಳತೆಯ ಮೇಲೆ. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯ. ಆ ರಾತ್ರಿ ಪೇಸರ್ಸ್ ಆಡುತ್ತಿದ್ದದ್ದು ಒಂಬತ್ತನೆಯದು. ಹಾಗಾಗಿ ಶಿಕ್ಷೆ 73 ಪಂದ್ಯವಾಯಿತು. ಆಮೇಲಿನ ಪ್ರಶಸ್ತಿ ಹಂತವಾದ ಪ್ಲೇಆಫ್‌ನಲ್ಲಿ ತಂಡ ಆಡಿದ 13 ಸೇರಿ ಕೊನೆಗೆ 86. ಇದೇ ಲೋಟ, ಇದೇ ಸಿಟ್ಟು, ಇದೇ ಹೊಡೆತ 70ನೇ ಪಂದ್ಯದಲ್ಲಿ ನಡೆದಿದ್ದರೆ ಅದೇ ಮಾತಿನ ಶಿಕ್ಷೆ 12 ಪಂದ್ಯ ಮತ್ತು ಪ್ಲೇಆಫ್‌ಗೆ ಮುಗಿಯುತ್ತಿತ್ತು. ಇನ್ನೊಂದು ವಿಚಿತ್ರವೂ ಇದೆ: ತಂಡ ಪ್ಲೇಆಫ್‌ನಲ್ಲಿ ಚೆನ್ನಾಗಿ ಆಡಿದಷ್ಟೂ ಹೊರಗೆ ಕೂತವನ ಶಿಕ್ಷೆ ಉದ್ದವಾಗುತ್ತದೆ. ತಪ್ಪಿನ ಗಾತ್ರ ಕ್ಯಾಲೆಂಡರ್ ನೋಡಿ ಬದಲಾಗುವುದಿಲ್ಲ, ಶಿಕ್ಷೆ ಮಾತ್ರ ಬದಲಾಗುತ್ತದೆ. ಹೋಲಿಸಿ ನೋಡಿದರೆ ಬೆಂಚು ಬಿಟ್ಟವರಿಗೆ ಒಂದು ಪಂದ್ಯ ಎಂಬ ನಿಯಮ ಎಷ್ಟೋ ಮೇಲು. ಮೊದಲೇ ಎಲ್ಲರಿಗೂ ಗೊತ್ತು, ಪೇಸರ್ಸ್‌ನ ರೆಜಿ ಮಿಲ್ಲರ್ ಆಗಲಿ ಪಿಸ್ಟನ್ಸ್‌ನ ಚಾನ್ಸಿ ಬಿಲಪ್ಸ್ ಆಗಲಿ, ಎಲ್ಲರಿಗೂ ಒಂದೇ.

ಪ್ರೇಕ್ಷಕರ ಗತಿ ಏನಾಯಿತು? ಲೀಗ್‌ಗೆ ಅವರನ್ನು ಅಮಾನತು ಮಾಡಲು ಬರುವುದಿಲ್ಲ, ಅವರು ನೌಕರರಲ್ಲ. ಹೆಚ್ಚೆಂದರೆ ಟಿಕೆಟ್ ನಿರಾಕರಿಸಬಹುದು. ಲೋಟ ಎಸೆದವನಿಗೆ ಪಿಸ್ಟನ್ಸ್ ತಂಡ ತನ್ನ ಪಂದ್ಯಗಳಿಂದ ಜೀವಾವಧಿ ನಿಷೇಧ ಹಾಕಿತು. ಉಳಿದದ್ದು ಪೊಲೀಸರ, ನ್ಯಾಯಾಲಯದ ಕೆಲಸ. ಐವರು ಆಟಗಾರರ ಮೇಲೂ ಹಲವು ಪ್ರೇಕ್ಷಕರ ಮೇಲೂ ಮೊಕದ್ದಮೆ ಹೂಡಲಾಯಿತು. ಆಟಗಾರರು ಆರೋಪವನ್ನು ಎದುರಿಸಿ ವಾದಿಸಲಿಲ್ಲ. ಅವರಿಗೆ ಒಂದು ವರ್ಷದ ಪ್ರೊಬೇಷನ್, ಸಮುದಾಯ ಸೇವೆ, ಸಣ್ಣ ದಂಡ ಬಿತ್ತು. ಲೋಟ ಎಸೆದವನಿಗೆ 30 ದಿನ ಜೈಲು. ಆದರೆ ಆ ಶಿಕ್ಷೆ ಆಮೇಲಿನ ಹೊಡೆದಾಟಕ್ಕೆ, ಲೋಟ ಎಸೆದದ್ದಕ್ಕಲ್ಲ. ಆ ಆರೋಪದಿಂದ ಜ್ಯೂರಿ ಅವನನ್ನು ಬಿಡುಗಡೆ ಮಾಡಿತ್ತು.

ಸ್ಟರ್ನ್ ಪಟ್ಟಿಯಲ್ಲಿ ಇದ್ದದ್ದು ಆಟಗಾರರ ಹೆಸರು ಮಾತ್ರ. ಕುಡಿದ ಜನ ಅಂಕಣಕ್ಕೆ ಇಳಿಯುವಷ್ಟು ಸಡಿಲವಾಗಿದ್ದ ಕಾವಲು, ಹರಿಯುತ್ತಿದ್ದ ಬಿಯರ್, ಗೆರೆಗೆ ತಾಗಿದ ಆಸನಗಳು, ಇವೆಲ್ಲ ಲೀಗಿನ, ತಂಡಗಳ ವ್ಯಾಪಾರದ ಭಾಗ. ಅದು ತಪ್ಪೆಂದು ಲೀಗ್ ಬಾಯಿಬಿಟ್ಟು ಹೇಳದಿದ್ದರೂ ಕೆಲವೇ ತಿಂಗಳಲ್ಲಿ ನಿಯಮ ಬದಲಿಸಿತು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದ ಮೇಲೆ ಮದ್ಯ ಮಾರುವಂತಿಲ್ಲ, ಒಬ್ಬರಿಗೆ ಒಂದು ಸಲಕ್ಕೆ ಎರಡೇ ಲೋಟ, ಪ್ರೇಕ್ಷಕರಿಗೂ ನಡತೆಯ ಸಂಹಿತೆ. ಆ ದಿನಗಳಲ್ಲಿ ಅಮೆರಿಕದ ಟಿವಿ ಚರ್ಚೆಗಳಲ್ಲಿ ಕೆಲವರು ಆಟಗಾರರನ್ನು ಪುಂಡರೆಂದೇ ಕರೆದರು. ಅಮಾನತಾದ ಒಂಬತ್ತೂ ಮಂದಿ ಕಪ್ಪು ವರ್ಣದವರು, ಎದುರಿದ್ದ ಪ್ರೇಕ್ಷಕರಲ್ಲಿ ಹೆಚ್ಚಿನವರು ಬಿಳಿಯರು. ಆ ಬೈಗುಳ ಯಾರ ಮೇಲೆ ಅಷ್ಟು ಸಲೀಸಾಗಿ ಬಿತ್ತು ಎಂಬುದನ್ನು ಬಿಟ್ಟು ಈ ಪ್ರಕರಣ ಓದಲಾಗದು.

ಪೇಸರ್ಸ್ ಆ ಋತುವಿನಲ್ಲಿ ಪ್ಲೇಆಫ್ ತಲುಪಿ, ಅದೇ ಪಿಸ್ಟನ್ಸ್ ಎದುರು ಸೋತಿತು. ಒಮ್ಮೆಯೂ ಪ್ರಶಸ್ತಿ ಗೆಲ್ಲದ ರೆಜಿ ಮಿಲ್ಲರ್ ಅಲ್ಲಿಗೇ ನಿವೃತ್ತರಾದರು. ಜಗಳದಲ್ಲಿ ಒಂದು ಏಟೂ ಹಾಕದವರು ತೆತ್ತ ಬೆಲೆ ಯಾವ ಅಮಾನತಿನ ಪಟ್ಟಿಯಲ್ಲೂ ಬರುವುದಿಲ್ಲ.

2005ರ ಬೇಸಿಗೆಯಲ್ಲಿ ಮಾಲೀಕರೂ ಆಟಗಾರರ ಸಂಘವೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಅಂಕಣದ ಮೇಲಿನ ತಪ್ಪಿಗೆ 12 ಪಂದ್ಯಕ್ಕಿಂತ ಹೆಚ್ಚಿನ ಅಮಾನತು ಬಿದ್ದರೆ ಅದನ್ನು ತಟಸ್ಥ ಮಧ್ಯಸ್ಥಗಾರ ಪರಿಶೀಲಿಸಬಹುದು ಎಂಬ ಅಂಶ ಅದರಲ್ಲಿ ಸೇರಿತು. ದೊಡ್ಡ ಶಿಕ್ಷೆಗಳ ಮಟ್ಟಿಗಾದರೂ ಒಂದಕ್ಕೆ ಸೊನ್ನೆಯ ಲೆಕ್ಕ ಕೊನೆಗೊಂಡಿತು. ಆರ್ಟೆಸ್ಟ್ ಅಷ್ಟರಲ್ಲಿ ತಮ್ಮ 86 ಪಂದ್ಯಗಳನ್ನೂ ಹೊರಗೆ ಕೂತು ಮುಗಿಸಿದ್ದರು.