ಕೆಟ್ಟ ಸುದ್ದಿಗೆ ದಾರಿ ಬಿಡು

ಟೀಮ್ ಲೀಡ್ ಆದೆಯಂತೆ, ಸಂತೋಷ ಕಣಮ್ಮ. ಕೋಡ್ ಬರೆಯೋದರಲ್ಲಿ ಚುರುಕು ಅಂತ ಈ ಹುದ್ದೆ ಕೊಟ್ಟಿದ್ದಾರೆ. ಇನ್ನು ಮೇಲೆ ಅದಕ್ಕೇ ನಿನಗೆ ಪುರುಸೊತ್ತಿರೋಲ್ಲ. ದಿನವೆಲ್ಲ ಮೀಟಿಂಗ್, ಸಂಜೆಯಾದರೆ ಇವತ್ತು ನಾನೇನು ಮಾಡಿದೆ ಅನ್ನೋ ಕಸಿವಿಸಿ. ಅದನ್ನು ತಾಳಲಾರದೆ ಎಲ್ಲಕ್ಕಿಂತ ಕಷ್ಟದ ಮಾಡ್ಯೂಲನ್ನು ನೀನೇ ಎತ್ತಿಕೊಂಡೆಯೋ, ಕೆಟ್ಟೆ. ನೀನು ಮೀಟಿಂಗಲ್ಲಿ ಕೂತಷ್ಟು ಹೊತ್ತೂ ಉಳಿದವರು ನಿನ್ನ ಕೋಡಿಗಾಗಿ ಕಾಯುತ್ತಿರುತ್ತಾರೆ. ಬೆಳಿಗ್ಗೆ ಬಂದವಳೇ ಅವರ ಕೋಡ್ ರಿವ್ಯೂ ಮುಗಿಸು, ಸಣ್ಣಪುಟ್ಟ ಬಗ್ ಬೇಕಾದರೆ ಸರಿಮಾಡು. ಅಷ್ಟು ಸಾಕು.

ಇನ್ನು ನಿನ್ನ ದೊಡ್ಡ ಕೆಲಸ, ಕೆಟ್ಟ ಸುದ್ದಿ ಬೇಗ ನಿನ್ನ ಕಿವಿಗೆ ಬೀಳೋ ಹಾಗೆ ನೋಡಿಕೊಳ್ಳೋದು. ನಮ್ಮ ಹುಡುಗರಿಗೆ "ಆಗಲ್ಲ" ಅನ್ನೋದು ಬಾಯಿಗೇ ಬರೋಲ್ಲ. ಸ್ಟ್ಯಾಂಡ್‌ಅಪ್‌ನಲ್ಲಿ ಕೇಳಿದರೆ "90 ಪರ್ಸೆಂಟ್ ಆಯ್ತು" ಅಂತಾರೆ. ಮುಂದಿನ ಸೋಮವಾರವೂ ಅದೇ 90. ಅಂಥವನನ್ನು ಎಲ್ಲರೆದುರು ಯಾವಾಗ ಮುಗಿಸ್ತೀಯ ಅಂತ ಕೇಳಬೇಡ, ಬಾಯಿಗೆ ಬಂದ ತಾರೀಖು ಹೇಳಿ ತಪ್ಪಿಸಿಕೊಳ್ಳುತ್ತಾನೆ. ಅವನ ಪಕ್ಕ ಕುರ್ಚಿ ಎಳೆದುಕೊಂಡು "ಎಲ್ಲಿ ಸಿಕ್ಕಿಹಾಕಿಕೊಂಡಿದೆ, ತೋರಿಸು" ಅನ್ನು.

ಗಿಟ್‌ಲ್ಯಾಬ್ ಕಂಪನಿಯ ಕಥೆ ಓದಿದ್ದೀಯಾ? 2017ರ ಜನವರಿ 31ರ ರಾತ್ರಿ ಅಲ್ಲಿನ ಇಂಜಿನಿಯರೊಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ತಪ್ಪು ತಿಳಿದು ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ಹುಡುಕಿದರೆ ಅದೂ ಖಾಲಿ. ವರ್ಷನ್ ಹೊಂದಿಕೆಯಾಗದೆ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ಹಾಗಂತ ಎಚ್ಚರಿಸೋ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು, ಯಾರಿಗೂ ತಲುಪಲಿಲ್ಲ. ಕೊನೆಗೆ ಕಾಪಾಡಿದ್ದು ಅದೇ ಇಂಜಿನಿಯರ್ ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ನಕಲು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆದುಕೊಂಡಿತು. ವರದಿಯಲ್ಲಿ ಆ ಮನುಷ್ಯನ ಹೆಸರಿಲ್ಲ, 'ಟೀಮ್ ಮೆಂಬರ್ 1' ಅಂತಷ್ಟೇ ಇದೆ. ನಿನ್ನ ಟೀಮಲ್ಲಿ ಪ್ರೊಡಕ್ಷನ್ ಬಿದ್ದ ಮಾರನೇ ದಿನ ಬರೆಯೋ ವರದಿಯಲ್ಲೂ ಹೆಸರು ಬೇಡ. ಒಮ್ಮೆ ಹೆಸರು ಬಂತೋ, ಮುಂದಿನ ಸಲ ಹುಡುಗರು ಲಾಗ್ ಅಳಿಸಿಟ್ಟು ಬಂದು ಮಾತಾಡುತ್ತಾರೆ.

ತಾರೀಖು ಜಾರಿದಾಗ ಮೇಲಿನವರು ಇನ್ನೂ ಐದು ಜನ ಕೊಡ್ತೀವಿ ಅಂತಾರೆ. ಐಬಿಎಂನಲ್ಲಿ ಓಎಸ್/360 ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾನೆ, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡ ಅಂತ. ಐವರಿದ್ದಾಗ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿ 10. ಹತ್ತು ಜನರಾದರೆ 45. ಬೇಡ ಅನ್ನು. ಅದನ್ನು ಹೇಳೋದೂ ನಿನ್ನ ಪಾಲಿನ ಕೆಟ್ಟ ಸುದ್ದಿಯೇ.

ಅಪ್ರೈಸಲ್ ವಿಷಯವೂ ಅಷ್ಟೆ. ಬೆಲ್ ಕರ್ವ್ ಹೆಸರಲ್ಲಿ ಯಾರನ್ನೋ ಕೆಳಗೆ ಹಾಕಿಸುತ್ತಾರೆ, ಅದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕೆಲಸ ಸಾಲದು ಅನ್ನಿಸಿದ ವಾರವೇ ಕರೆದು ಹೇಳು. ಮಾರ್ಚ್‌ನಲ್ಲಿ ರೇಟಿಂಗ್ ನೋಡಿ ತಿಳಿದವನು ಏಪ್ರಿಲ್‌ನಲ್ಲಿ ಪೇಪರ್ ಹಾಕುತ್ತಾನೆ, ಆಮೇಲೆ 90 ದಿನದ ನೋಟಿಸಿನಲ್ಲಿ ಕುರ್ಚಿ ಮಾತ್ರ ತುಂಬಿರುತ್ತೆ.

ಒಂದು ವರ್ಷ ಮಾಡಿ ನೋಡು. ಜನರ ಗೋಜು ಒಗ್ಗದಿದ್ದರೆ ಮತ್ತೆ ಕೋಡಿಗೆ ಮರಳು. ದೊಡ್ಡ ಕಂಪನಿಗಳಲ್ಲಿ ಪ್ರಿನ್ಸಿಪಲ್ ಇಂಜಿನಿಯರ್ ತನಕ ಆ ದಾರಿಯೂ ಇದೆ, ಸಂಬಳವೂ ಕಡಿಮೆಯಿಲ್ಲ. ಮನೆಯಲ್ಲಿ ಏನಂತಾರೋ ಅನ್ನೋ ಚಿಂತೆ ಬೇಡ, ಅವರಿಗೆ ನಾನು ಹೇಳ್ತೀನಿ.