ಪ್ರೇಮಕಥೆ ಬರೆಯಲು ನಾಚಿಕೆ ಯಾಕೆ?

ಹುಣಸೂರು, ಕೆ.ಆರ್. ನಗರದ ಕಡೆ ಕತೆ ಬರೆಯಲು ಕೂತ ಹುಡುಗ ಹುಡುಗಿಯರಿಗೆ ಒಂದು ಮಾತು. ಪ್ರೇಮ ಕಾದಂಬರಿ ಎಂದರೆ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಹೆಂಗಸರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಜರೆದವರೂ ಇದ್ದರು. ಅದಕ್ಕೆ ವಾದ ಹೂಡುವ ಮೊದಲು ತ್ರಿವೇಣಿಯವರ ‘ಬೆಳ್ಳಿಮೋಡ’ ಓದಿ. ಅದರಲ್ಲಿ ನಾಯಕಿ ಇಂದಿರಾಳ ಮೇಲೆ ಮೋಹನನಿಗಿದ್ದ ಒಲವಿನೊಳಗೆ ಅವಳ ಅಪ್ಪನ ಆಸ್ತಿಯ ಲೆಕ್ಕವೂ ಇತ್ತು. ಅವಳಿಗೆ ತಮ್ಮ ಹುಟ್ಟಿದ, ಸಂಬಂಧ ಮುರಿಯಿತು. ಮುಂದೆ ಅವನೇ ಮನಸ್ಸು ಬದಲಿಸಿ ಕೇಳಿದಾಗ ಅವಳು ಒಲ್ಲೆ ಎಂದಳು. ಪ್ರೇಮಕಥೆ ಮದುವೆ ಚಪ್ಪರದಲ್ಲೇ ಮುಗಿಯಬೇಕೆಂದು ಯಾರು ಹೇಳಿದರು? 1967ರಲ್ಲಿ ‘ಬೆಳ್ಳಿಮೋಡ’ವನ್ನು ಸಿನಿಮಾ ಮಾಡಿದ ಪುಟ್ಟಣ್ಣ ಕಣಗಾಲ್ ನಿಮ್ಮ ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನವರೇ.

ಓದದೆ ಬೈಯುವವರಿಗೆ ಉತ್ತರ ಬೇಡ. ಓದಿ, ‘ನಿಮ್ಮ ನಾಯಕ ಹೊಟ್ಟೆಪಾಡಿಗೆ ಏನು ಮಾಡ್ತಾನಪ್ಪ?’ ಎಂದು ಕೇಳಿದವರ ಮಾತನ್ನು ಮಾತ್ರ ಬರೆದಿಟ್ಟುಕೊಳ್ಳಿ. ನಮ್ಮ ಬಹುಪಾಲು ಪ್ರೇಮಕಥೆಗಳು ಸೋಲುವುದು ಅಲ್ಲೇ. ನಾಯಕನಿಗೆ ಕಾರಿರುತ್ತದೆ, ಕೆಲಸ ಇರುವುದಿಲ್ಲ! ನಿಮ್ಮ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ರಾತ್ರಿಯಿಡೀ ಬ್ಯಾರನ್ನಿನ ಉರಿ ಕಾಯುವ ಹುಡುಗನಿದ್ದಾನೆ. ಹರಾಜಿನಲ್ಲಿ ರೇಟು ಬಿದ್ದರೆ ಅವನ ಮದುವೆ ಮಾತು ಮುಂದಕ್ಕೆ ಹೋಗುತ್ತದೆ. ಎಚ್.ಡಿ. ಕೋಟೆಯಿಂದ ಬಸ್ಸು ಹತ್ತಿ ಮೈಸೂರಿನ ಕಾಲೇಜಿಗೆ ಹೋಗುವ ಹುಡುಗಿಯಿದ್ದಾಳೆ. ಇಬ್ಬರೂ ಚುಂಚನಕಟ್ಟೆ ಜಾತ್ರೆಯಲ್ಲಿ ಸಿಕ್ಕರೆ ಜಾತಿ, ಸಾಲ, ಅಣ್ಣಂದಿರ ಕಣ್ಣು ಎಲ್ಲವೂ ಕತೆಯೊಳಗೆ ತಾನಾಗಿ ಬರುತ್ತವೆ. ಇಷ್ಟಿರುವಾಗ ಊಟಿಯ ಬಂಗಲೆ ಯಾಕೆ ಬೇಕು? ಮೊದಲ ಕರಡು ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ. ಮುಗಿದ ಮೇಲೆ ನಿಮ್ಮನ್ನು ಹೊಗಳದ ಒಬ್ಬರಿಗೆ ಕೊಡಿ.